ಅಕ್ಕಿ ಆರೋಯ್ತು

ಮಕ್ಕಳಿಗಾಗಿ ಬರೆಯುವ ಆಸೆ ಹೊತ್ತ ಹುಡುಗರು ಈಚೆಗೆ ಹುಣಸೂರಿನ ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಕಾಫಿ ಕುಡಿಯುತ್ತಾರೆ, ನನ್ನ ಪುಸ್ತಕಗಳನ್ನು ಹೊಗಳುತ್ತಾರೆ, ಆಮೇಲೆ ಮೆಲ್ಲಗೆ "ಇದರ ಗುಟ್ಟೇನು ಮೇಷ್ಟ್ರೇ?" ಎಂದು ಕೇಳುತ್ತಾರೆ. ಗುಟ್ಟು ಗೊತ್ತಿದ್ದರೆ ನಾನೇ ಇನ್ನೂ ನಾಲ್ಕು ಒಳ್ಳೆಯ ಪುಸ್ತಕ ಬರೆದುಕೊಳ್ಳುತ್ತಿರಲಿಲ್ಲವೇ? ಅವರ ಕಾಟ ತಾಳಲಾರದೆ ಇದನ್ನು ಬರೆಯಲು ಕೂತಿದ್ದೇನೆ. ಯಾವ ವರ್ಷ ಬಡ್ತಿ ಬಂತು, ಯಾವ ಸಭೆಯಲ್ಲಿ ಯಾರು ಹಾರ ಹಾಕಿದರು ಎಂಬುದೆಲ್ಲ ಬೇಕಾದವರು ಬೇರೆ ಕಡೆ ಕೇಳಿಕೊಳ್ಳಲಿ. ನಾನು ಹೇಳಬೇಕಾಗಿರುವುದು ಒಂದು ಅಕ್ಷರದ ವಿಷಯ, ಮತ್ತು ನಮ್ಮಕ್ಕನ ವಿಷಯ.

ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯಲ್ಲಿ. ಬೇಸಾಯದ ಮನೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ನನ್ನನ್ನು ಸಾಕಿದವಳು ಅಕ್ಕ ಕೆಂಪಮ್ಮ. ಅವಳಿಗೂ ಆಗ ಇನ್ನೂ ಆಟ ಆಡುವ ವಯಸ್ಸು. ನನ್ನನ್ನು ಸೊಂಟದ ಮೇಲಿಟ್ಟುಕೊಂಡೇ ನೀರು ತರುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಕೂತಳೆಂದರೆ ನನ್ನ ತಲೆ ಅವಳ ತೊಡೆಯ ಮೇಲೆ. ರಾಗಿ ಬೀಸುತ್ತಾ ಕತೆ ಹೇಳುವಳು. ಕಲ್ಲು ನಿಂತರೆ ಕತೆಯೂ ನಿಲ್ಲುತ್ತಿತ್ತು. ಇನ್ನೊಂದು ಹಿಡಿ ರಾಗಿ ಹಾಕಿ ಕಲ್ಲು ತಿರುಗಿಸಿದರೆ ಕತೆಯೂ ಮುಂದಕ್ಕೆ ಹೋಗುತ್ತಿತ್ತು.

ಆ ಕತೆಗಳಲ್ಲಿ ಒಂದನ್ನಂತೂ ನಾನು ಹಟ ಮಾಡಿ ದಿನಾ ಹೇಳಿಸಿಕೊಳ್ಳುತ್ತಿದ್ದೆ. ಒಬ್ಬಳು ಅತ್ತೆ ಕಜ್ಜಾಯ ಮಾಡಲೆಂದು ಅಕ್ಕಿ ನೆನೆಸಿ, ತೊಳೆದು, ಚಾಪೆಯ ಮೇಲೆ ಹರಡುತ್ತಾಳೆ. ಹೊಸ ಸೊಸೆಯನ್ನು ಕಾವಲಿಗೆ ಕೂರಿಸಿ ಒಳಗೆ ಹೋಗುತ್ತಾಳೆ. ಒಂದು ಹಕ್ಕಿ ಬಂದು ಚಾಪೆಯ ಮೇಲೆ ಕೂತು ಕಾಳು ಹೆಕ್ಕತೊಡಗುತ್ತದೆ. ಒಳಗಿನಿಂದ ಅತ್ತೆ "ಅಕ್ಕಿ ಆರ್ತಾ?" ಅನ್ನುತ್ತಾಳೆ. ಸೊಸೆ ಆ ಹಕ್ಕಿಯನ್ನೇ ನೋಡುತ್ತಾ "ಇನ್ನೂ ಇಲ್ಲ ಕಣತ್ತೆ" ಅನ್ನುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಅಕ್ಕಿ ಆರ್ತಾ?" ಮತ್ತೆ "ಇನ್ನೂ ಇಲ್ಲ ಕಣತ್ತೆ." ಚಾಪೆ ಪೂರ್ತಿ ಬರಿದಾದ ಮೇಲೆ ಹಕ್ಕಿ ರೆಕ್ಕೆ ಬಡಿದು ಹೋಗುತ್ತದೆ. "ಈಗ ಆರೋಯ್ತು ಕಣತ್ತೆ" ಎಂದು ಸೊಸೆ ಕೂಗುತ್ತಾಳೆ. ಅತ್ತೆ ಕುಕ್ಕೆ ಹಿಡಿದು ಓಡಿ ಬರುತ್ತಾಳೆ. "ಅಕ್ಕಿ ಎಲ್ಲೇ?" "ಆರೋಯ್ತು ಅಂದ್ನಲ್ಲತ್ತೆ. ಇನ್ನೆಲ್ಲಿದ್ದದು?"

ಇದರಲ್ಲಿ ನಗುವುದಕ್ಕೇನಿದೆ ಅನ್ನುವವರು ನಮ್ಮ ಸೀಮೆಯ ಹಳ್ಳಿಯವರಲ್ಲ. ನಮ್ಮ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಅಕ್ಕಿಯೂ ಅಕ್ಕಿಯೇ, ಹಕ್ಕಿಯೂ ಅಕ್ಕಿಯೇ. ಒಣಗಿದರೂ ಆರುವುದೇ, ಹಾರಿದರೂ ಆರುವುದೇ. ಅತ್ತೆ ಕೇಳಿದ್ದು ಅಕ್ಕಿ ಒಣಗಿತೇ ಎಂದು, ಸೊಸೆಗೆ ಕೇಳಿಸಿದ್ದು ಹಕ್ಕಿ ಹಾರಿತೇ ಎಂದು. ಅಕ್ಕ "ಇನ್ನೆಲ್ಲಿದ್ದದು?" ಅನ್ನುವಾಗ ಮುಖವನ್ನು ಸೊಸೆಯ ಹಾಗೆ ಪೆಚ್ಚಾಗಿ ಮಾಡುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ಹಿಟ್ಟಿನಲ್ಲಿ ಹೊರಳುತ್ತಿದ್ದೆ. ಅವಳೂ ಕಲ್ಲು ಬಿಟ್ಟು ನಗುತ್ತಿದ್ದಳು.

ಅವಳನ್ನು ಕಾಡಂಚಿನ ವೀರನಹೊಸಹಳ್ಳಿಗೆ ಕೊಟ್ಟರು. ಗಾಡಿ ಹೊರಟಾಗ ನಾನು ಕೆರೆಯ ಏರಿಯವರೆಗೂ ಹಿಂದೆ ಓಡಿದೆನಂತೆ. ಅದು ನೆನಪಿಲ್ಲ. ಮರುದಿನ ಬೀಸುವ ಕಲ್ಲಿನ ಮುಂದೆ ನಮ್ಮ ಚಿಕ್ಕಪ್ಪನ ಹೆಂಡತಿ ಕೂತಿದ್ದದ್ದು, ಅವಳು ಸುಮ್ಮನೆ ರಾಗಿ ಬೀಸಿ ಎದ್ದು ಹೋದದ್ದು ಚೆನ್ನಾಗಿ ನೆನಪಿದೆ. ನಾನು ಅಷ್ಟೂ ಪುಸ್ತಕಗಳನ್ನು ಬರೆದದ್ದು ಆ ಕಲ್ಲಿನ ಪಕ್ಕಕ್ಕೆ ಮತ್ತೊಮ್ಮೆ ಹೋಗಿ ತಲೆಯಿಟ್ಟು ಮಲಗಬೇಕೆಂಬ ಆಸೆಯಿಂದ. ಜನ ಅದಕ್ಕೆ ಬಾಲಸಾಹಿತ್ಯ ಅಂದರು, ನಾನೂ ಹೂಂ ಅಂದುಕೊಂಡೆ.

ಮುಂದೆ ಓದಿ, ಮೈಸೂರಿನಲ್ಲಿ ಮೇಷ್ಟ್ರ ತರಬೇತಿಗೆ ಸೇರಿದೆ. ಅಲ್ಲಿ ನನಗೆ ಮೊದಲು ಕಲಿಸಿದ್ದೇ 'ಹ'. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಹಾಲು' ಅನ್ನಬೇಕು, ಉಸಿರು ಕೈಗೆ ತಾಕಬೇಕು. ತಾಕದಿದ್ದರೆ ಬೆಂಚಿನ ಮೇಲೆ ನಿಲ್ಲಬೇಕು. ನಾನು ಬೆಂಚಿನ ಮೇಲೆ ನಿಂತಷ್ಟು ನೆಲದ ಮೇಲೆ ನಿಂತಿರಲಾರೆ. ಅಂತೂ 'ಹ' ಬಂತು. ರಜೆಗೆ ವೀರನಹೊಸಹಳ್ಳಿಗೆ ಹೋಗಿ ಅಕ್ಕನ ಮುಂದೆ ನಾಲ್ಕು ಮಾತಾಡಿದೆ. ಅವಳು ನನ್ನನ್ನೇ ನೋಡಿ, "ಯಾಕ್ಲಾ ಪುಟ್ಸಾಮಿ, ಇಂಗೆ ಉಬ್ಬಸ ಬಂದೋರಂಗೆ ಮಾತಾಡ್ತೀಯಾ? ಮೈಸೂರ್ ನೀರು ಒಗ್ಗನಿಲ್ವಾ?" ಅಂದಳು. ಅವಳಿಗೆ ನಿಜಕ್ಕೂ ಗಾಬರಿಯಾಗಿತ್ತು.

ನನ್ನ ಮೊದಲ ಶಾಲೆ ಹಾರನಹಳ್ಳಿಯದೇ. ನನಗೆ ಕಲಿಸಿದ್ದನ್ನು ನಾನು ಅಲ್ಲಿಯ ಮಕ್ಕಳಿಗೆ ಕಲಿಸಿದೆ. ಇನ್ಸ್‌ಪೆಕ್ಟರು ಬರುತ್ತಾರೆ, 'ಹ' ಬಿಟ್ಟರೆ ಜೋಕೆ ಎಂದು ಹೆದರಿಸಿಟ್ಟಿದ್ದೆ. ಇನ್ಸ್‌ಪೆಕ್ಟರು ಬಂದರು, ಕುರ್ಚಿ ಹಾಕಿಸಿಕೊಂಡು ಕೂತರು, ಮುಂದಿನ ಸಾಲಿನ ಹುಡುಗಿಗೆ ಓದು ಅಂದರು. ಪಾಠದಲ್ಲಿ ಇದ್ದದ್ದು 'ಅಪ್ಪ ಊರಿಗೆ ಹೋದನು, ಆನೆ ನೋಡಿದನು' ಎಂದು. ಅವಳು ಎದೆಯುಬ್ಬಿಸಿ, "ಹಪ್ಪ ಹೂರಿಗೆ ಹೋದನು, ಹಾನೆ ನೋಡಿದನು" ಎಂದು ಓದಿದಳು. ಇಡೀ ತರಗತಿ ಹೆಮ್ಮೆಯಿಂದ ನನ್ನ ಮುಖ ನೋಡಿತು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು, "ಹಪ್ಪ ಎಂದರೆ ಏನ್ರೀ ಇದು?" ಅಂದರು. ನಾನು "ಭಯ, ಸಾರ್" ಅಂದುಬಿಟ್ಟೆ. ಆ ಉತ್ತರದಿಂದಾಗಿ ನನಗೆ ಎಡತೊರೆಗೆ ವರ್ಗವಾಯಿತು. ಈಗ ಕೃಷ್ಣರಾಜನಗರ ಅನ್ನುತ್ತಾರಲ್ಲ, ಅಲ್ಲಿಯ ಹಳೆಯ ಊರು.

ಎಡತೊರೆಯಲ್ಲಿ ನಾನು ಬರೆಯಲು ಶುರುಮಾಡಿದೆ. ಈಗ ಹುಡುಗರು ಪದ್ಧತಿ ಯಾವುದು ಎಂದು ಕೇಳುತ್ತಾರೆ. ನನ್ನ ಪದ್ಧತಿ ಇಷ್ಟು. ಬರೆದ ಕತೆಯನ್ನು ಮಧ್ಯಾಹ್ನ ಊಟವಾದ ಮೇಲೆ, ಮಕ್ಕಳ ಕಣ್ಣು ಎಳೆಯುವ ಹೊತ್ತಿನಲ್ಲಿ ಓದುತ್ತಿದ್ದೆ. ಯಾವ ಜಾಗದಲ್ಲಿ ಒಬ್ಬ ಎದ್ದು ಕಿರುಬೆರಳು ತೋರಿಸಿ "ಸಾ, ಒಂದಕ್ಕೆ" ಅನ್ನುತ್ತಾನೋ ಅಲ್ಲಿ ಕತೆ ಕೆಟ್ಟಿದೆ ಎಂದು ಅರ್ಥ. ಒಬ್ಬನೇ ಎದ್ದರೆ ಒಂದು ವಾಕ್ಯ ತೆಗೆಯುತ್ತಿದ್ದೆ. ಹಿಂದೆಯೇ ಸಾಲಾಗಿ ಎದ್ದರೆ ಕತೆಯನ್ನೇ ತೆಗೆಯುತ್ತಿದ್ದೆ. ಪಂಡಿತರ ವಿಮರ್ಶೆಯನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆ ಕಿರುಬೆರಳಿಗೆ ಮಾತ್ರ ಇವತ್ತಿಗೂ ಹೆದರುತ್ತೇನೆ.

ಆದರೂ ಎಡವಿದ್ದುಂಟು. ಮುದ್ದೆ ತಿಂದು, ಕಂಬಳಿ ಹೊದ್ದು, ಹಳ್ಳಿಯ ಮಕ್ಕಳ ಜೊತೆ ಚಿಣ್ಣಿದಾಂಡು ಆಡುವ ಒಂದು ಸಾಧು ಹುಲಿಯ ಕತೆ ಬರೆದಿದ್ದೆ. ಕಾವೇರಿಯ ಬಯಲಿನ ಮಕ್ಕಳು ಅದನ್ನು ಕೇಳಿ ಕುಣಿದಿದ್ದವು. ಸ್ವಲ್ಪ ಕಾಲಕ್ಕೆ ನನ್ನನ್ನು ಹೆಗ್ಗಡದೇವನಕೋಟೆಗೆ ಹಾಕಿದರು. ಚಳಿಜ್ವರದ ಊರು, ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಅಲ್ಲಿಯ ಶಾಲೆಯಲ್ಲಿ ಅದೇ ಕತೆಯನ್ನು ಅಭಿನಯಿಸಿಕೊಂಡು ಓದಿದೆ. ಒಂದು ಮಗುವೂ ನಗಲಿಲ್ಲ. ಕಿರುಬೆರಳೂ ಏಳಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಎದ್ದು, "ಅದು ಯಾವ ಕಾಡಿನ್ ಉಲಿ ಸಾ? ನಮ್ ಅಸೀನ ಎಳ್ಕೊಂಡೋಯ್ತಲ್ಲ, ಅದು ಆಟ ಆಡ್ನಿಲ್ಲ" ಅಂದಳು. ಹಸು ಹೋದ ಮನೆಯ ಮಗುವಿನ ಮುಂದೆ ಹುಲಿಯ ಕೈಗೆ ಚಿಣ್ಣಿ ಕೊಟ್ಟು ನಿಂತಿದ್ದೆ. ಅವತ್ತಿನಿಂದ ಒಂದು ಊರಿನ ಕತೆಯನ್ನು ಇನ್ನೊಂದು ಊರಿಗೆ ಒಯ್ಯುವಾಗ ಸ್ವಲ್ಪ ಯೋಚನೆ ಮಾಡುತ್ತೇನೆ.

ಕೋಟೆಯಲ್ಲಿದ್ದಾಗಲೇ ಮೈಸೂರಿನ ಒಂದು ಅಚ್ಚುಕೂಟದವರು ನನ್ನ ಕತೆಗಳನ್ನು ಪುಸ್ತಕ ಮಾಡಲು ಒಪ್ಪಿದರು. ನಾನು ಮೊದಲು ಕಳಿಸಿದ್ದು ಅಕ್ಕನ ಕತೆಯನ್ನೇ. ಅತ್ತೆ ಸೊಸೆಯರ ಮಾತನ್ನು ಅವರ ಬಾಯಲ್ಲಿ ಬರುವ ಹಾಗೇ ಬರೆದಿದ್ದೆ. ಅಚ್ಚಿನ ಕರಡು ನನ್ನ ಕೈಗೆ ಬರಲೇ ಇಲ್ಲ. ಕೋಟೆಗೆ ಟಪಾಲು ಬರುವುದು ತಡ, ಅಲ್ಲೇ ಒಬ್ಬ ಪಂಡಿತರು ತಿದ್ದುತ್ತಾರೆ ಅಂದಿದ್ದರು. ತಿದ್ದಿದರು. ಒಂದು 'ಅ'ವನ್ನೂ ಬಿಡದೆ ತಿದ್ದಿದರು.

ಪುಸ್ತಕದಲ್ಲಿ ಕತೆ ಹೀಗಾಗಿತ್ತು. ಅತ್ತೆ "ಹಕ್ಕಿ ಹಾರಿತೇ?" ಎಂದು ಕೇಳುತ್ತಾಳೆ. ಸೊಸೆ "ಇಲ್ಲ" ಎನ್ನುತ್ತಾಳೆ. ಕೊನೆಗೆ "ಹಕ್ಕಿ ಹಾರಿಹೋಯಿತು" ಎನ್ನುತ್ತಾಳೆ. ಅತ್ತೆ ಕುಕ್ಕೆ ಹಿಡಿದು ಓಡಿ ಬರುತ್ತಾಳೆ. ಹಕ್ಕಿ ಹಾರಿದ್ದಕ್ಕೆ ಕುಕ್ಕೆ ಯಾಕೆ ಎಂದು ಯಾರೂ ಕೇಳಲಿಲ್ಲ. ಕೊನೆಯಲ್ಲಿ ಪಂಡಿತರು ತಮ್ಮ ಕಡೆಯಿಂದ ಒಂದು ನೀತಿಯನ್ನೂ ಸೇರಿಸಿದ್ದರು, ಸೊಸೆಯಂದಿರು ಹಿರಿಯರು ವಹಿಸಿದ ಕೆಲಸದಲ್ಲಿ ಎಚ್ಚರವಾಗಿರಬೇಕು ಎಂದು. ವಿಚಿತ್ರವೆಂದರೆ ಪುಸ್ತಕ ಗೆದ್ದಿತು. ಶಾಲೆಗಳಲ್ಲಿ ಬಹುಮಾನವಾಗಿ ಕೊಟ್ಟರು, ಪತ್ರಿಕೆಗಳಲ್ಲಿ ಹೊಗಳಿದರು. ಮುಖ್ಯವಾಗಿ ಆ ನೀತಿಯನ್ನು ಹೊಗಳಿದರು.

ನಾನು ಆ ಪುಸ್ತಕ ಹಿಡಿದು ಅಕ್ಕನ ಊರಿಗೆ ಹೋದೆ. ಹೋಗದೇ ಇರಬಹುದಾಗಿತ್ತು, ಆದರೆ ಅಚ್ಚಾದ ಮೊದಲ ಪುಸ್ತಕವನ್ನು ಅವಳಿಗೆ ತೋರಿಸದೆ ಇನ್ಯಾರಿಗೆ ತೋರಿಸಲಿ? ಅವಳಿಗೆ ಓದು ಬಾರದು. ಹಟ್ಟಿಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಓದಿ ಹೇಳಿದೆ. ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು.

"ಸಂದಾಗದೆ ಕಣಪ್ಪ" ಅಂದಳು. "ಯಾರ್ದು ಈ ಕತೆ?"

"ನಿಂದೇ ಕಣಕ್ಕ. ಬೀಸೋವಾಗ ಹೇಳ್ತಿದ್ದೆಯಲ್ಲ, ಅದೇ."

ಅವಳು "ನಂದಾ? ನಂದ್ರಾಗೆ ನಗು ಬತ್ತಿತ್ತಲ್ಲ" ಅಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಅವಳು ಬೇಸರದಿಂದ ಅಂದದ್ದಲ್ಲ. ಅದೇ ನನಗೆ ಹೆಚ್ಚು ನೋವು ಮಾಡಿತು. ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಈ ಕತೆಯನ್ನು ಅವಳ ಬಾಯಲ್ಲಿ ಇದ್ದ ಹಾಗೇ ಅಚ್ಚು ಮಾಡಿಸಬೇಕು, ಅವಳ ಮುಂದೆ ಕೂತು ಓದಬೇಕು, ಅವಳು ಆ ಹಳೆಯ ನಗು ನಗಬೇಕು. ಉಳಿದದ್ದೆಲ್ಲ ಆಮೇಲೆ.

ಆದರೆ ನಾನು ಸರ್ಕಾರಿ ನೌಕರ. ಪುಸ್ತಕ ತರಬೇಕಾದರೆ ಮೇಲಿನವರ ಅಪ್ಪಣೆ ಬೇಕು. ಎರಡನೆಯ ಮುದ್ರಣದ ಹೊತ್ತಿಗೆ ನಾನು ಹುಣಸೂರಿಗೆ ಬಂದಿದ್ದೆ. ಆಗಿನ ಮೇಲಧಿಕಾರಿಗಳ ಕಚೇರಿಗೆ ಹೋಗಿ, ಆ ಒಂದು ಕತೆಯನ್ನು ಹಳ್ಳಿಯ ಮಾತಿನಲ್ಲೇ ಬಿಡಬೇಕು ಎಂದು ಕೇಳಿಕೊಂಡೆ. ಅವರು ಒಳ್ಳೆಯವರೇ. ನನ್ನ ಪುಸ್ತಕವನ್ನು ತಮ್ಮ ಮೊಮ್ಮಕ್ಕಳಿಗೆ ಓದಿ ಹೇಳುತ್ತಿದ್ದರು. ಕುರ್ಚಿ ಕೊಟ್ಟು ಕೂರಿಸಿದರು. "ನೋಡಿ ಇವರೇ, ಮಕ್ಕಳ ಬಾಯಿ ತಿದ್ದುವುದಕ್ಕೆ ನಿಮ್ಮನ್ನು ಇಟ್ಟುಕೊಂಡಿರುವುದು. ನೀವೇ ಅಕ್ಕಿ ಅಂದರೆ ಅವು ಹಕ್ಕಿ ಅಂತ ಯಾವಾಗ ಅಂತವೆ?" ಅಂದರು. ಕತೆಯ ತಮಾಷೆಯನ್ನು ವಿವರಿಸಿದೆ. ಅವರಿಗೆ ಅರ್ಥವಾಯಿತು, ಗೊಳ್ಳೆಂದು ನಕ್ಕರು. ನಕ್ಕು ಕಣ್ಣೊರೆಸಿಕೊಂಡು, "ಚೆನ್ನಾಗಿದೆ. ಆದರೂ ಬೇಡಿ" ಅಂದರು. ವಿವರಿಸಿ ಹೇಳಿದರೆ ನಗು ಬರುತ್ತದೆ, ಅಪ್ಪಣೆ ಬರುವುದಿಲ್ಲ ಎಂದು ಅವತ್ತು ತಿಳಿಯಿತು.

ಹಾಗೆ ವರ್ಷಗಳು ಹೋದವು. ಬೇರೆ ಪುಸ್ತಕಗಳು ಬಂದವು, ಹೆಸರೂ ಬಂತು. ಯಾವ ಸಭೆಯಲ್ಲಿ ಕೂತರೂ, ಎದುರಿಗೆ ಮಕ್ಕಳು ನನ್ನ ಕತೆಯನ್ನು ಒಪ್ಪಿಸುತ್ತಿದ್ದರೂ, ನನ್ನ ಕಿವಿ ಬೀಸುವ ಕಲ್ಲಿನ ಸದ್ದನ್ನೇ ಹುಡುಕುತ್ತಿತ್ತು. ಅಕ್ಕನ ಊರು ಹುಣಸೂರಿಗೆ ದೂರವೇನಲ್ಲ. ಆದರೆ ಶಾಲೆ, ತಪಾಸಣೆ, ಮನೆಯ ಕಾಯಿಲೆ ಕಸಾಲೆ ಎಂದು ಹೋಗುವುದು ಕಡಿಮೆಯಾಯಿತು. ಹೋದರೂ ಆ ಕತೆಯ ಮಾತೆತ್ತುತ್ತಿರಲಿಲ್ಲ. ಕೈಯಲ್ಲಿ ಸರಿಯಾದ ಪುಸ್ತಕವಿಲ್ಲದೆ ಎತ್ತಬಾರದು ಅಂದುಕೊಂಡಿದ್ದೆ.

ನಿವೃತ್ತನಾದ ಮೇಲೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಯುದ್ಧದ ಕಾಲ, ಕಾಗದವೇ ಸಿಗುತ್ತಿರಲಿಲ್ಲ. ನಮ್ಮ ಹುಣಸೂರಿನ ಪೇಟೆಯಲ್ಲಿ ಗಫೂರ್ ಸಾಹೇಬರದು ಒಂದು ಚಿಕ್ಕ ಪ್ರೆಸ್ಸು, ಮದುವೆಯ ಕಾಗದ, ಅಂಗಡಿಯ ಚೀಟಿ ಅಚ್ಚು ಹಾಕುವಂಥದು. ಅವರ ಮಕ್ಕಳೆಲ್ಲ ನನ್ನ ಶಾಲೆಯಲ್ಲಿ ಓದಿದವರು. ಎಲ್ಲಿಂದಲೋ ಕಂದು ಬಣ್ಣದ ಒರಟು ಕಾಗದ ಹೊಂದಿಸಿಕೊಂಡು ಒಪ್ಪಿದರು. ಕೆಲಸ ಶುರುವಾದ ಮಾರನೆಯ ದಿನವೇ ನಮ್ಮ ಮನೆಗೆ ಬಂದರು, ಬೆರಳೆಲ್ಲ ಮಸಿ.

"ಮೇಷ್ಟ್ರೇ, ನಮ್ದು ಪ್ರೆಸ್ಸಲ್ಲಿ 'ಅ' ಖಾಲಿ ಆಗೋಯ್ತು" ಅಂದರು. "ನಿಮ್ದು ಅತ್ತೆ, ನಿಮ್ದು ಅಕ್ಕಿ, ಎಲ್ಲ ಸೇರ್ಕೊಂಡು ತಿಂದ್ಬುಟ್ವು. ಮದ್ವೆ ಕಾಗ್ದಕ್ಕೆ ಇಷ್ಟು 'ಅ' ಯಾರಿಗ್ರೀ ಬೇಕು? 'ಹ' ಬೇಕಾದ್ರೆ ಬೇಕಾದಷ್ಟು ಐತೆ. ಅದೇ ಹಾಕ್ಬುಡ್ಲಾ? ಯಾರ್ಗೆ ಗೊತ್ತಾಗ್ತದೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಕೈ ಹಿಡಿದುಕೊಂಡು, "ಸಾಹೇಬರೇ, ನಮ್ಮಕ್ಕನಿಗೆ ಗೊತ್ತಾಗ್ತದೆ" ಅಂದೆ. ಅಕ್ಕ ಅಂದ ಮೇಲೆ ಅವರು ಎದುರಾಡಲಿಲ್ಲ. ಒಂದು ಪುಟ ಜೋಡಿಸುವುದು, ಅಚ್ಚು ಹಾಕುವುದು, ಅಚ್ಚಿನ ಮೊಳೆಗಳನ್ನು ಬಿಚ್ಚಿ ತೊಳೆದು ಅದೇ 'ಅ'ಗಳಿಂದ ಮುಂದಿನ ಪುಟ ಜೋಡಿಸುವುದು. ಮಳೆಗಾಲದಲ್ಲಿ ಶುರುವಾದ ಪುಸ್ತಕ ಸಂಕ್ರಾಂತಿ ಕಳೆದ ಮೇಲೆ ಮುಗಿಯಿತು. ಹೊಲಿಗೆಯನ್ನು ಸಾಹೇಬರ ಮನೆಯವರೇ ಹಾಕಿಕೊಟ್ಟರು. ಚಿಕ್ಕ ಪುಸ್ತಕ, ನೋಡಲು ಏನೂ ಚೆಂದವಿಲ್ಲ. ಆದರೆ ಒಂದು ಅಕ್ಷರವೂ ತಪ್ಪಿರಲಿಲ್ಲ.

ಅದನ್ನು ಹಿಡಿದು ವೀರನಹೊಸಹಳ್ಳಿಗೆ ಹೋದೆ. ಅಕ್ಕನಿಗೆ ಆಗ ಚೆನ್ನಾಗಿ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ನಾನು ಬಂದೆನೆಂದು ಮನೆಯವರೆಲ್ಲ ಜಗಲಿಗೆ ಬಂದರು. ಅಕ್ಕನ ಮಗನ ಮಗಳು ಜಯಮ್ಮ ಹುಣಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ನಾಲ್ಕನೆಯ ಕ್ಲಾಸಿನವರೆಗೆ ಓದಿ ಬಂದಿದ್ದಳು. ನಾನು ಕೈಚೀಲದಿಂದ ಪುಸ್ತಕ ತೆಗೆಯುವ ಮೊದಲು, "ಅಕ್ಕಾ, ಆ ಅತ್ತೆ ಸೊಸೆ ಕತೆ ಒಂದ್ಸಲ ಹೇಳು. ನಿನ್ನ ಬಾಯಲ್ಲಿ ಕೇಳಿ ಎಷ್ಟು ಕಾಲವಾಯ್ತು" ಅಂದೆ.

ಅವಳ ಮುಖ ಅರಳಿತು. ಸೆರಗು ಸರಿಮಾಡಿಕೊಂಡಳು, ನೆಟ್ಟಗೆ ಕೂತಳು. ಆಮೇಲೆ ಉಸಿರೆಳೆದುಕೊಂಡು ಹೇಳತೊಡಗಿದಳು. "ಒಂದಾನೊಂದು ಊರಿನಲ್ಲಿ ಒಬ್ಬ ಅತ್ತೆಯಿದ್ದಳು." ಬೆಟ್ಟ ಹತ್ತುವವಳಂತೆ ಒಂದೊಂದು ಪದಕ್ಕೂ ನಿಂತು ನಿಂತು ಹೋದಳು. "ಹಕ್ಕಿ ಹಾರಿತೇ, ಎಂದು ಅತ್ತೆಯು ಕೇಳಿದಳು." ಒಂದು 'ಹ'ವನ್ನೂ ಬಿಡಲಿಲ್ಲ. ಪಂಡಿತರ ನೀತಿಯನ್ನೂ ಬಿಡಲಿಲ್ಲ. ಮುಗಿಸಿ ಸುತ್ತಲೂ ನೋಡಿದಳು, ಪರೀಕ್ಷೆ ಗೆದ್ದ ಮಗುವಿನ ಹಾಗೆ.

"ನಾನೇ ಕಲ್ಸಿದ್ದು ತಾತ" ಅಂದಳು ಜಯಮ್ಮ. "ನಿಮ್ ಪುಸ್ತಕದ್ದು. ದಿನಾ ಒಪ್ಪಿಸ್ಕೊಂಡು ಕಲ್ತವ್ಳೆ."

"ನನ್ ತಮ್ಮ ಬರ್ದಿರೋದು, ನನಗೇ ಬಾರ್ದಿದ್ರೆ ಎಂಗೆ?" ಅಂದಳು ಅಕ್ಕ. "ಮದ್ಲು ಒಂದ್ ಕತೆ ಏಳ್ತಿದ್ದೆ, ಅಳ್ಳಿ ಗುಗ್ಗು ಕತೆ. ಅದ್ನ ಬುಟ್ಬುಟ್ಟೆ."

ಆದರೂ ಪುಸ್ತಕ ತೆಗೆದೆ. ಇದನ್ನು ಕೇಳಿದರೆ ಹಳೆಯದು ನೆನಪಾಗಿಯೇ ಆಗುತ್ತದೆ ಅಂದುಕೊಂಡು, ಅವಳು ಬೀಸುವಾಗ ಹೇಳುತ್ತಿದ್ದ ಧಾಟಿಯಲ್ಲೇ ಓದಿದೆ. "ಅಕ್ಕಿ ಆರ್ತಾ?" "ಇನ್ನೂ ಇಲ್ಲ ಕಣತ್ತೆ." ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. "ಆರೋಯ್ತು ಅಂದ್ನಲ್ಲತ್ತೆ" ಎಂಬಲ್ಲಿಗೆ ಬಂದಾಗ ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅವಳ ಅವ್ವ ಕಂಬ ಹಿಡಿದುಕೊಂಡು ನಕ್ಕಳು. ನಾನು ಅಷ್ಟು ವರ್ಷ ಕಾದಿದ್ದ ನಗು ಅದೇ.

ಅಕ್ಕ ನಗಲಿಲ್ಲ. ಮುಖ ಚಿಕ್ಕದಾಗಿತ್ತು. ತಡವಿಕೊಂಡು ನನ್ನ ಮೊಣಕೈ ಹಿಡಿದು ಹತ್ತಿರಕ್ಕೆ ಎಳೆದಳು.

"ನಗ್ತಾವ್ರೆ ಕಣಪ್ಪ" ಅಂದಳು ಮೆತ್ತಗೆ. "ನಿನ್ನ ನೋಡಿ ನಗ್ತಾವ್ರೆ. ಇಷ್ಟು ಓದಿ, ಎಸ್ರು ತಕೊಂಡು, ಈ ವಯಸ್ನಾಗೆ ಇಂಗೆ ಬರ್ದಿದ್ದೀಯಲ್ಲ. ಆಚೆ ಯಾರ್ಗೂ ತೋರಿಸ್ನಿಲ್ಲ ತಾನೆ?"

"ಇಲ್ಲ ಕಣಕ್ಕ" ಅಂದೆ. ಆಗಲೇ ಪುಸ್ತಕ ಪೇಟೆಯ ಅಂಗಡಿಗೆ ಹೋಗಿತ್ತು.

"ಅಂಗಾದ್ರೆ ತಿದ್ದಪ್ಪ. ಇಲ್ಲೇ ಕೂತ್ಕೊಂಡು ತಿದ್ಬುಡು. ನಮ್ಮಪ್ಪ ಇದ್ದಿದ್ರೆ ಎಷ್ಟು ನೊಂದ್ಕೊಳೋನು."

ಜಯಮ್ಮ ಒಳಗೆ ಹೋಗಿ ಪೆನ್ಸಿಲು ತಂದುಕೊಟ್ಟಳು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಶುರುಮಾಡಿದೆ. ಗಫೂರ್ ಸಾಹೇಬರು ತೊಳೆದು ತೊಳೆದು ಜೋಡಿಸಿದ್ದ ಒಂದೊಂದು 'ಅ'ವನ್ನೂ ಹೊಡೆದು, ಅದರ ನೆತ್ತಿಯ ಮೇಲೆ 'ಹ' ಬರೆದೆ. ಅಕ್ಕ ಪಕ್ಕದಲ್ಲೇ ಕೂತು, ಕಾಣದ ಕಣ್ಣನ್ನು ಪುಟಕ್ಕೆ ಹತ್ತಿರ ತಂದು, ಪೆನ್ಸಿಲಿನ ಸದ್ದು ಕೇಳುತ್ತಿದ್ದಳು. ಅವಳ ಮುಖ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು.

"ಈಗ ಸರಿ ಆಯ್ತಾ?" ಅಂದಳು.

"ಸರಿ ಆಯ್ತು ಕಣಕ್ಕ" ಅಂದೆ.